ಶ್ರೀರಂಗಪಟ್ಟಣದ ಸುತ್ತ ನಿಧಾನವಾಗಿ ಓಡಲು ಹಳ್ಳಿದಾರಿ: ನಾಲೆಯ ಏರಿಯೋ, ಊರ ರಸ್ತೆಯೋ?

ಪಟ್ಟಣದ ಹೊಸಬ | ನವೆಂಬರ್ 8, ಸಂಜೆ 7:20

ಎಲ್ಲರಿಗೂ ನಮಸ್ಕಾರ. ನನಗೆ ನಲವತ್ತೇಳು ವರ್ಷ. ಇಪ್ಪತ್ತು ವರ್ಷ ಬೆಂಗಳೂರಿನಲ್ಲಿದ್ದು, ಕಳೆದ ಜೂನ್‌ನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ನೆಲೆಸಿದ್ದೇನೆ. ಅಲ್ಲಿದ್ದಾಗ ಬಡಾವಣೆಯ ಪಾರ್ಕಿನಲ್ಲಿ ಗಾಣದ ಎತ್ತಿನಂತೆ ದಿನಕ್ಕೆ ಹದಿನೈದು ಸುತ್ತು ಹಾಕುತ್ತಿದ್ದೆ. ಸುತ್ತಲೂ ಗದ್ದೆ, ನಾಲೆ, ನದಿ ಇರುವ ಊರಿಗೆ ಬಂದ ಮೇಲೆ ಆ ಪಾಡು ತಪ್ಪುತ್ತದೆ ಎಂದುಕೊಂಡಿದ್ದೆ. ಆದರೆ ಐದು ತಿಂಗಳಾದರೂ ಮನಸ್ಸಿಗೊಪ್ಪುವ ಒಂದು ದಾರಿ ಸಿಕ್ಕಿಲ್ಲ. ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ಲಾರಿಗಳ ಗಾಳಿಗೇ ಮೈ ತೂಗುತ್ತದೆ. ಒಮ್ಮೆ ಧೈರ್ಯ ಮಾಡಿ ಗದ್ದೆಯ ಬದುವಿನ ಮೇಲೆ ಓಡಲು ಹೋಗಿ, ಮೊಣಕಾಲುದ್ದ ಕೆಸರಿಗೆ ಬಿದ್ದು, ಆ ಗದ್ದೆಯ ಯಜಮಾನರಿಂದ ಚೆನ್ನಾಗಿ ಬೈಸಿಕೊಂಡು ಮನೆಗೆ ಬಂದೆ.

ನನಗೆ ಬೇಕಾಗಿರುವುದು ಆರರಿಂದ ಎಂಟು ಕಿಲೋಮೀಟರಿನ, ಏರಿಳಿತವಿಲ್ಲದ, ವಾಹನ ಕಡಿಮೆ ಇರುವ ದಾರಿ. ನನ್ನ ವೇಗ ಕಿಲೋಮೀಟರಿಗೆ ಎಂಟು ನಿಮಿಷ. ಇದನ್ನು ಓಟ ಎನ್ನಲು ಕೆಲವರಿಗೆ ನಗು ಬರಬಹುದು. ಎಡಮಂಡಿಯಲ್ಲಿ ಹಳೆಯ ನೋವೊಂದಿದೆ. ಈ ಕಡೆ ಓಡಿ ಅನುಭವವಿರುವವರು ಯಾವ ಹಾದಿ ಹಿಡಿಯಬೇಕೆಂದು ತಿಳಿಸಿದರೆ ಉಪಕಾರವಾಗುತ್ತದೆ.

ನಾಲೆಏರಿ | ನವೆಂಬರ್ 8, ರಾತ್ರಿ 9:05

ಸ್ವಾಗತ. ನಾನು ಹೈಸ್ಕೂಲು ಮೇಷ್ಟರಾಗಿದ್ದು ನಿವೃತ್ತನಾದವನು. ಹದಿನಾಲ್ಕು ವರ್ಷದಿಂದ ಈ ಸೀಮೆಯ ನಾಲೆ ಏರಿಗಳ ಮೇಲೆ ಓಡುತ್ತಿದ್ದೇನೆ. ನನ್ನ ವೇಗವೂ ನಿಮ್ಮದೇ, ಆದ್ದರಿಂದ ನಗುವ ಹಕ್ಕು ನನಗಿಲ್ಲ.

ನಮ್ಮ ಊರಿನ ಸುತ್ತ ಸಮತಟ್ಟಾದ ದಾರಿಗೆ ಬರವಿಲ್ಲ. ಅದಕ್ಕೆ ಕಾರಣ ನಾಲೆಗಳು. ನೀರು ತಾನಾಗಿ ಹರಿದುಹೋಗಬೇಕಾದರೆ ನಾಲೆ ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರಿನಲ್ಲೇ ಸಾಗಬೇಕು. ಹಾಗಾಗಿ ಅದು ದಿಣ್ಣೆಯನ್ನು ಹತ್ತುವುದಿಲ್ಲ, ತಗ್ಗಿಗೆ ಇಳಿಯುವುದಿಲ್ಲ. ದಿಣ್ಣೆಯ ಮಗ್ಗುಲು ಹಿಡಿದು ಬಳಸಿಕೊಂಡು ಹೋಗುತ್ತದೆ. ಅದರ ಏರಿಯ ಮೇಲೆ ಓಡುವವನಿಗೂ ಅದೇ ಲಾಭ. ನೇರ ರಸ್ತೆಯಲ್ಲಿ ಎರಡು ಕಿಲೋಮೀಟರ್ ದೂರವಿರುವ ಹಳ್ಳಿ ನಾಲೆಯ ಏರಿಯಲ್ಲಿ ಮೂರೂವರೆ ಆಗಬಹುದು, ಆದರೆ ಉಸಿರು ಒಂದೇ ಹದದಲ್ಲಿರುತ್ತದೆ.

ಇಲ್ಲಿಯ ನಾಲೆಗಳೆಲ್ಲ ಒಂದೇ ಬಗೆಯವಲ್ಲ, ಇದನ್ನು ಮೊದಲು ತಿಳಿದುಕೊಳ್ಳಿ. ಚಿಕ್ಕದೇವರಾಜ ಸಾಗರ ನಾಲೆಗೆ 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಹೆಸರಿದೆ. ಅದು ನದಿಯ ಎಡದಂಡೆಯ ಕಡೆ ಕಿರಂಗೂರು, ಕರಿಘಟ್ಟದ ಸೀಮೆ ದಾಟಿ ಅರಕೆರೆಯತ್ತ ಸಾಗುತ್ತದೆ. ವಿರಿಜಾ ನಾಲೆ ಬಲದಂಡೆಯದು, ಪಾಲಹಳ್ಳಿಯ ಕಡೆ ಸಿಗುತ್ತದೆ. ಬಂಗಾರದೊಡ್ಡಿ ನಾಲೆ ಇವೆರಡಕ್ಕಿಂತ ಚಿಕ್ಕದು, ಆದರೆ ನದಿಯ ಕವಲನ್ನು ಮೇಲ್ಗಾಲುವೆಯ ಮೂಲಕ ದಾಟಿ ದ್ವೀಪದೊಳಕ್ಕೆ ನೀರು ತರುವ ಜಾಣ ನಾಲೆ ಅದು. ಇವು ಹಳೆಯವು, ಅಗಲ ಕಡಿಮೆ, ಏರಿಯ ಮೇಲೆ ಮರಗಳಿವೆ, ಅಲ್ಲಲ್ಲಿ ಬಟ್ಟೆ ಒಗೆಯುವ ಸೋಪಾನಕಟ್ಟೆಗಳಿವೆ. ವಿಶ್ವೇಶ್ವರಯ್ಯ ನಾಲೆ ಮಾತ್ರ ಬೇರೆ ಜಾತಿಯದು. ಕನ್ನಂಬಾಡಿ ಕಟ್ಟೆಯ ಜೊತೆಗೆ ಬಂದದ್ದು, ಮೊದಲು ಇರ್ವಿನ್ ನಾಲೆ ಎಂದು ಕರೆಸಿಕೊಳ್ಳುತ್ತಿತ್ತು. ಹುಲಿಕೆರೆಯ ಬಳಿ ಸುರಂಗದೊಳಗೆ ಹರಿದು ಪಾಂಡವಪುರ, ಮಂಡ್ಯದ ಕಡೆ ಹೋಗುತ್ತದೆ. ಆಳವೂ ಹೆಚ್ಚು, ಹರಿವೂ ಜೋರು. ಹೊಸಬರಿಗೆ ಅದರ ಏರಿಯನ್ನು ನಾನು ಹೇಳುವುದಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ಅದೇ ನಾಲೆಗೆ ಉರುಳಿ ಮೂವತ್ತು ಜನ ಪ್ರಾಣ ಕಳೆದುಕೊಂಡದ್ದನ್ನು ಈ ಜಿಲ್ಲೆಯವರು ಯಾರೂ ಮರೆತಿಲ್ಲ. ಕಾಂಕ್ರೀಟ್ ಹಾಕಿದ ನಾಲೆಯ ಗೋಡೆ ನುಣ್ಣಗಿದ್ದು ಪಾಚಿ ಹಿಡಿದಿರುತ್ತದೆ. ಈಜು ಬಲ್ಲವರೂ ಹಿಡಿದು ಮೇಲೆ ಹತ್ತಲಾರರು.

ನಿಮಗೆ ಮೊದಲ ದಾರಿಯಾಗಿ ದ್ವೀಪದೊಳಗಿನದನ್ನೇ ಹೇಳುತ್ತೇನೆ. ಕೋಟೆಯಿಂದ ಹೊರಟು 1784ರ ದರಿಯಾ ದೌಲತ್ ದಾಟಿ, ಗಂಜಾಂ ಮೂಲಕ ಗುಂಬಜ್, ಅಲ್ಲಿಂದ ಸಂಗಮ. ಹೋಗಿ ಬಂದರೆ ಎಂಟು ಒಂಬತ್ತು ಕಿಲೋಮೀಟರ್ ಆಗುತ್ತದೆ. ಗುಂಬಜ್ ಕಳೆದ ಮೇಲಿನ ತುಂಡಿನಲ್ಲಿ ಎರಡೂ ಕಡೆ ಗದ್ದೆ, ಕಬ್ಬು, ತೆಂಗು. ಟಾರು ರಸ್ತೆಯೇ ಆದರೂ ಬೆಳಿಗ್ಗೆ ಏಳರವರೆಗೆ ಶಾಂತವಾಗಿರುತ್ತದೆ. ಭಾನುವಾರ ಮತ್ತು ಅಮಾವಾಸ್ಯೆಯ ದಿನ ಮಾತ್ರ ಬೇಡ. ನಿಮಿಷಾಂಬಾ ದೇವಸ್ಥಾನಕ್ಕೆ ಬರುವ ವಾಹನಗಳ ನಡುವೆ ಓಡುವುದಕ್ಕಿಂತ ಮನೆಯಲ್ಲಿ ಮಲಗುವುದು ಮೇಲು.

ಮಂಡಿನೋವು | ನವೆಂಬರ್ 8, ರಾತ್ರಿ 10:40

ಒಂದು ಸಣ್ಣ ಮಾತು. ಹಳ್ಳಿಯ ಟಾರು ರಸ್ತೆಗಳು ನಡುವೆ ಉಬ್ಬಿ ಎರಡು ಅಂಚಿಗೆ ಇಳಿಜಾರಾಗಿರುತ್ತವೆ. ಯಾವಾಗಲೂ ಬಲ ಅಂಚಿನಲ್ಲೇ ಓಡಿದರೆ ಒಂದು ಕಾಲು ಸದಾ ತಗ್ಗಿನಲ್ಲಿ, ಇನ್ನೊಂದು ಎತ್ತರದಲ್ಲಿ ಬೀಳುತ್ತದೆ. ನನ್ನ ಮಂಡಿ ಕೆಟ್ಟದ್ದು ಹಾಗೆಯೇ. ಮಣ್ಣಿನ ಏರಿ ಸಿಕ್ಕರೆ ಅದೇ ಉತ್ತಮ, ಆದರೆ ಬಂಡಿ ಜಾಡಿನ ಗುಂಡಿಗಳನ್ನು ನೋಡಿಕೊಳ್ಳಿ. ಓಡುತ್ತಾ ಒಂದು ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟೇ ವೇಗವಿರಲಿ.

ಒಟ್ಲುಗದ್ದೆ | ನವೆಂಬರ್ 9, ಮಧ್ಯಾಹ್ನ 1:15

ನಾನು ಓಡುವವನಲ್ಲ, ವ್ಯವಸಾಯ ಮಾಡುವವನು. ನಮ್ಮ ಮನೆಯ ಹುಡುಗನೊಬ್ಬ ಈ ಚರ್ಚೆಯನ್ನು ತೋರಿಸಿದ. ಹೊಸಬ ಸಾಹೇಬರನ್ನು ಬೈದ ಯಜಮಾನ ನಾನಲ್ಲ, ಆದರೆ ನಾನಾಗಿದ್ದರೂ ಬೈಯುತ್ತಿದ್ದೆ. ಅದರ ಕಾರಣ ಹೇಳಬೇಕು.

ಬದು ಎಂದರೆ ದಾರಿಯಲ್ಲ. ಅದು ಗದ್ದೆಯಲ್ಲಿ ನೀರು ನಿಲ್ಲಿಸುವ ಗೋಡೆ. ನಾಟಿಗೆ ಮುಂಚೆ ಅದರ ಅಂಚು ಕೆತ್ತಿ, ಕೆಸರು ಮೆತ್ತಿ, ಏಡಿ ತೂತು ಮುಚ್ಚಿ ಸರಿ ಮಾಡುವುದಕ್ಕೆ ಎರಡು ಆಳಿನ ಕೂಲಿ ಬೇಕು. ನಾವು ಬರಿಗಾಲಿನಲ್ಲಿ ಮೆಲ್ಲಗೆ ನಡೆಯುತ್ತೇವೆ; ಬೂಟುಗಾಲಿನಲ್ಲಿ ಧಡಧಡ ಓಡಿದರೆ ಹಸಿ ಬದು ಕುಸಿಯುತ್ತದೆ, ರಾತ್ರಿಯೆಲ್ಲ ನೀರು ಕೆಳಗಿನ ಗದ್ದೆಗೆ ಸೋರುತ್ತದೆ, ಹಾಕಿದ ಗೊಬ್ಬರ ಅದರ ಜೊತೆ ಹೋಗುತ್ತದೆ. ಬೆಳಗಾದರೆ ನನಗೂ ಕೆಳಗದ್ದೆಯವನಿಗೂ ಜಗಳ. ಓಡಿದವರು ಆಗ ಮನೆಯಲ್ಲಿ ಕಾಫಿ ಕುಡಿಯುತ್ತಿರುತ್ತಾರೆ. ಜುಲೈನಲ್ಲಿ ಒಟ್ಲು, ಅಂದರೆ ನಾಟಿಗೆ ಬೇಕಾದ ಭತ್ತದ ಸಸಿ, ಬಿಟ್ಟಾಗಲಂತೂ ಆ ಪಾತಿಯ ಹತ್ತಿರ ಯಾರೂ ಸುಳಿಯಬಾರದು. ವರ್ಷದ ಬೆಳೆ ಆ ನಾಲ್ಕು ಗುಂಟೆಯಲ್ಲಿರುತ್ತದೆ.

ನಾಲೆ ಏರಿ, ಬಂಡಿದಾರಿ, ಊರ ರಸ್ತೆ, ಇವುಗಳಲ್ಲಿ ಎಷ್ಟು ಬೇಕಾದರೂ ಓಡಿ, ನಮ್ಮದೇನೂ ಅಭ್ಯಂತರವಿಲ್ಲ. ಎದುರು ಸಿಕ್ಕಿದವರನ್ನು ಒಂದು ಮಾತು ಮಾತಾಡಿಸಿಕೊಂಡು ಹೋಗಿ, ಅಷ್ಟೇ.

ಪಟ್ಟಣದ ಹೊಸಬ | ನವೆಂಬರ್ 9, ಸಂಜೆ 6:30

ಒಟ್ಲುಗದ್ದೆ ಅವರೇ, ತಪ್ಪಾಯಿತು. ಬದುವಿನ ವಿಷಯ ನನಗೆ ನಿಜವಾಗಿಯೂ ತಿಳಿದಿರಲಿಲ್ಲ. ಅದನ್ನು ಓಡಾಡಲೆಂದೇ ಬಿಟ್ಟ ಜಾಗ ಎಂದುಕೊಂಡಿದ್ದೆ. ಯಾವುದು ಎಲ್ಲರೂ ಓಡಾಡಬಹುದಾದ ದಾರಿ, ಯಾವುದು ಒಬ್ಬರ ಸ್ವಂತದ್ದು ಎಂಬುದನ್ನು ಹೊರಗಿನವನು ತಿಳಿಯುವುದು ಹೇಗೆ?

ನಾಲೆಏರಿ | ನವೆಂಬರ್ 9, ರಾತ್ರಿ 8:50

ಇದಕ್ಕೆ ಕಂದಾಯ ಇಲಾಖೆಯ ಗ್ರಾಮ ನಕ್ಷೆಯನ್ನು ನೋಡಬೇಕು. ಅದರಲ್ಲಿ ಬಂಡಿದಾರಿ, ಕಾಲುದಾರಿ, ಹಳ್ಳ ಎಲ್ಲವನ್ನೂ ಗುರುತು ಮಾಡಿರುತ್ತಾರೆ; ನಮ್ಮ ಕಡೆ ಅದನ್ನು ನಕಾಶೆ ದಾರಿ ಎನ್ನುತ್ತಾರೆ. ಪಹಣಿಯಲ್ಲಿ ಬಿ ಖರಾಬು ಎಂದು ಬರೆದ ಭಾಗ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು. ಮೊಬೈಲಿನ ದಿಶಾಂಕ್ ಆ್ಯಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರು ಕಾಣಿಸುತ್ತದೆ. ನಾಲೆಯ ಏರಿ ನೀರಾವರಿ ನಿಗಮಕ್ಕೆ ಸೇರಿದ್ದು, ನಾಲೆಯನ್ನು ನೋಡಿಕೊಳ್ಳಲು ಮಾಡಿಕೊಂಡ ದಾರಿ. ಊರಿನವರೂ ಅದನ್ನು ಬಳಸುತ್ತಾರೆ.

ಆದರೂ ನಕ್ಷೆಯನ್ನು ಜೇಬಿನಲ್ಲಿಟ್ಟುಕೊಂಡು ಹಕ್ಕು ಮಾತಾಡುವ ಓಟಗಾರನಿಗಿಂತ, ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯನ್ನು ಪರಿಚಯ ಮಾಡಿಕೊಂಡ ಓಟಗಾರ ಹೆಚ್ಚು ದೂರ ಹೋಗುತ್ತಾನೆ. ಯಾವ ತೂಬಿನ ಬಳಿ ಏರಿ ಕುಸಿದಿದೆ, ಯಾವ ಮೋರಿಯ ಚಪ್ಪಡಿ ಸರಿದಿದೆ, ನೀರು ಯಾವತ್ತು ನಿಲ್ಲಿಸುತ್ತಾರೆ, ಕಟ್ಟು ಪದ್ಧತಿಯಲ್ಲಿ ಈ ವಾರ ಯಾವ ನಾಲೆಗೆ ನೀರು ಎಂಬುದೆಲ್ಲ ಅವನಿಗೆ ಗೊತ್ತು.

ತೇಮ್ಸ್ ದಂಡೆ | ನವೆಂಬರ್ 10, ಬೆಳಿಗ್ಗೆ 3:35

ನಾನು ಮದ್ದೂರಿನವನು, ಒಂಬತ್ತು ವರ್ಷದಿಂದ ಇಂಗ್ಲೆಂಡಿನ ಆಕ್ಸ್‌ಫರ್ಡ್ ಬಳಿ ಇದ್ದೇನೆ. ನಾಲೆಏರಿ ಮೇಷ್ಟರು ಹೇಳಿದ ದಿಣ್ಣೆ ಬಳಸುವ ನಾಲೆಯ ಮಾತು ಓದಿ ನನ್ನ ದಿನನಿತ್ಯದ ದಾರಿಯೇ ಕಣ್ಣಮುಂದೆ ಬಂತು. ಇಲ್ಲಿಯ ಆಕ್ಸ್‌ಫರ್ಡ್ ಕಾಲುವೆಯೂ ಅದೇ ಜಾತಿಯದು. ಜೇಮ್ಸ್ ಬ್ರಿಂಡ್ಲಿ ಎಂಬ ಎಂಜಿನಿಯರ್ 1769ರಲ್ಲಿ ಆರಂಭಿಸಿದ ಕೆಲಸ ಅವನು ತೀರಿಕೊಂಡ ಮೇಲೆ 1790ರ ಜನವರಿಯಲ್ಲಿ ಆಕ್ಸ್‌ಫರ್ಡ್ ತಲುಪಿತು. ಗುಡ್ಡಗಳನ್ನು ಕಡಿಯದೆ ಸುತ್ತಿಕೊಂಡು ಹೋದ ಕಾಲುವೆ. ಅದು ನೀರಾವರಿಗಲ್ಲ, ದೋಣಿಯಲ್ಲಿ ಕಲ್ಲಿದ್ದಲು ಸಾಗಿಸುವುದಕ್ಕೆ. ದೋಣಿ ಎಳೆಯುವ ಕುದುರೆ ನಡೆಯಲೆಂದು ದಂಡೆಯ ಮೇಲೆ ಮಾಡಿದ ಹಾದಿಯಲ್ಲಿ ಈಗ ನಮ್ಮಂಥವರು ಓಡುತ್ತೇವೆ. ಭಾರ ಎಳೆಯುವ ಕುದುರೆಗೆ ಏರು ಆಗದು, ನನಗೂ ಆಗದು.

ದಾರಿಯ ಹಕ್ಕಿನ ಬಗ್ಗೆ ಒಂದು ವಿಷಯ. ಇಲ್ಲಿ ರೈತನ ಹೊಲದ ನಡುವೆಯೇ ಸಾರ್ವಜನಿಕ ಕಾಲುದಾರಿ ಹಾದುಹೋಗುವುದು ಸಾಮಾನ್ಯ. ಹಳದಿ ಬಾಣದ ಗುರುತಿದ್ದರೆ ನಡೆಯುವವರಿಗೆ, ನೀಲಿ ಇದ್ದರೆ ಕುದುರೆ ಮತ್ತು ಸೈಕಲ್ಲಿಗೂ ಸಲ್ಲುತ್ತದೆ. ಹೊಲದ ನಡುವಿನ ಕಾಲುದಾರಿಯನ್ನು ರೈತ ಉತ್ತರೆ, ಬಿತ್ತನೆಗಾಗಿ ಮೊದಲ ಸಲ ಕೆದಕಿದ್ದಾದರೆ ಹದಿನಾಲ್ಕು ದಿನದೊಳಗೆ ಅದನ್ನು ಮತ್ತೆ ನಡೆಯುವ ಹಾಗೆ ಮಾಡಿಕೊಡಬೇಕೆಂದು ಕಾನೂನಿದೆ. ಕೇಳಲು ಚೆನ್ನಾಗಿದೆ. ಆದರೆ ಹಕ್ಕಿದೆ ಎಂಬ ಒಂದೇ ಕಾರಣಕ್ಕೆ ಗೇಟು ತೆರೆದಿಟ್ಟು ಹೋಗಿ ಕುರಿಗಳನ್ನು ರಸ್ತೆಗೆ ಬಿಡುವ ಓಟಗಾರರನ್ನೂ ನಾನು ಇಲ್ಲಿ ನೋಡಿದ್ದೇನೆ. ಕರುವಿರುವ ಹಸುಗಳ ಮಂದೆಯನ್ನು ಸೀಳಿಕೊಂಡು ಓಡಿ ಒದೆಸಿಕೊಂಡವರೂ ಇದ್ದಾರೆ. ಒಟ್ಲುಗದ್ದೆ ಅವರ ಮಾತನ್ನು ಇಲ್ಲಿಯ ರೈತರೂ ಒಪ್ಪುತ್ತಾರೆ.

ಆರೂವರೆ | ನವೆಂಬರ್ 10, ಬೆಳಿಗ್ಗೆ 11:20

ಇಲ್ಲಿಯವರೆಗೆ ಬರೆದವರೆಲ್ಲ ಗಂಡಸರು ಎಂದು ಕಾಣುತ್ತದೆ, ಏಕೆಂದರೆ ಹೊತ್ತಿನ ಬಗ್ಗೆ ಯಾರೂ ಸರಿಯಾಗಿ ಹೇಳಿಲ್ಲ. ನಾನು ಪಾಲಹಳ್ಳಿಯ ಕಡೆಯವಳು, ಮೂರು ವರ್ಷದಿಂದ ಓಡುತ್ತಿದ್ದೇನೆ. ನನ್ನ ಮಟ್ಟಿಗೆ ಯಾವ ದಾರಿ ಎಂಬ ಪ್ರಶ್ನೆಗಿಂತ ಯಾವ ಹೊತ್ತು ಎಂಬ ಪ್ರಶ್ನೆ ದೊಡ್ಡದು.

ಐದು ಗಂಟೆಗೆ ತಂಪು ಎಂದು ಎಲ್ಲರೂ ಹೇಳುತ್ತಾರೆ. ನಿಜ, ಆದರೆ ಆ ಹೊತ್ತಿನಲ್ಲಿ ಏರಿಯ ಮೇಲೆ ಚೊಂಬು ಹಿಡಿದು ಬಂದವರು ಇನ್ನೂ ಅಲ್ಲಲ್ಲಿ ಇರುತ್ತಾರೆ. ಅವರಿಗೂ ಮುಜುಗರ, ನನಗೂ ಮುಜುಗರ. ಏಳೂವರೆಯ ಮೇಲೆ ಕಬ್ಬಿನ ಟ್ರ್ಯಾಕ್ಟರ್, ಶಾಲಾ ವ್ಯಾನು. ಇವೆರಡರ ನಡುವೆ ಹಾಲು ಹಾಕುವ ಹೊತ್ತೊಂದಿದೆ. ಆರೂಕಾಲರಿಂದ ಏಳೂಕಾಲರವರೆಗೆ ಪ್ರತಿ ಊರಿನ ಡೇರಿಯ ಮುಂದೆ ಕ್ಯಾನು ಹಿಡಿದ ಹೆಂಗಸರು, ಗಂಡಸರು ಸಾಲು ನಿಂತಿರುತ್ತಾರೆ. ದಾರಿಯುದ್ದಕ್ಕೂ ಜನ ಓಡಾಡುತ್ತಿರುತ್ತಾರೆ. ನಾನು ನನ್ನ ಓಟವನ್ನು ಒಂದು ಡೇರಿಯಿಂದ ಇನ್ನೊಂದು ಡೇರಿಗೆ ಎಂದು ಅಳೆಯುತ್ತೇನೆ. ಮೊದಲ ತಿಂಗಳು "ಯಾಕವ್ವ ಹಿಂಗ್ ಓಡ್ತಿದ್ದೀಯ, ಮನೇಲಿ ಏನಾರ ಆಯ್ತಾ?" ಎಂದು ಅಜ್ಜಿಯೊಬ್ಬರು ಹೌಹಾರಿ ಕೇಳಿದ್ದರು. ಈಗ ಎರಡು ದಿನ ಕಾಣದಿದ್ದರೆ ಹುಷಾರಿಲ್ಲವೇ ಎಂದು ಕೇಳುತ್ತಾರೆ. ಅಲ್ಲಿ ನನಗೆ ಸಿಗುವ ಧೈರ್ಯ ಮೊಬೈಲಿನ ಯಾವ ಆ್ಯಪ್ಪಿನಿಂದಲೂ ಸಿಕ್ಕಿಲ್ಲ. ಆ್ಯಪ್ಪಿನಲ್ಲಿ ನನ್ನ ದಾರಿಯನ್ನು ಎಲ್ಲರಿಗೂ ಕಾಣುವಂತೆ ಹಾಕುವುದನ್ನೂ ನಿಲ್ಲಿಸಿದ್ದೇನೆ. ಒಬ್ಬಳೇ ದಿನವೂ ಇದೇ ಹೊತ್ತಿಗೆ ಇಲ್ಲಿ ಸಿಗುತ್ತೇನೆಂದು ಊರಿಗೆಲ್ಲ ಸಾರುವ ಅಗತ್ಯವೇನಿದೆ?

ವಿರಿಜಾ ನಾಲೆಯ ಏರಿ ನನಗೆ ಇಷ್ಟ. ರಂಗನತಿಟ್ಟಿನ ಕಡೆಯ ತುಂಡಿನಲ್ಲಿ ಮಿಂಚುಳ್ಳಿ, ಬೆಳ್ಳಕ್ಕಿಗಳನ್ನು ನೋಡುತ್ತಾ ಓಡಬಹುದು. ನದಿಯ ಅಂಚಿಗೆ ಮಾತ್ರ ಇಳಿಯಬೇಡಿ, ಮೊಸಳೆಗಳಿವೆ.

ನಾಲೆಏರಿ | ನವೆಂಬರ್ 10, ಮಧ್ಯಾಹ್ನ 12:10

ಒಪ್ಪಿದೆ ತಾಯಿ. ಹದಿನಾಲ್ಕು ವರ್ಷ ಓಡಿಯೂ ಡೇರಿಯ ಲೆಕ್ಕ ನನಗೆ ಹೊಳೆದಿರಲಿಲ್ಲ.

ಎರೆಹೊಲ | ನವೆಂಬರ್ 11, ರಾತ್ರಿ 9:30

ನಾನು ಧಾರವಾಡದವನು. ನಮ್ಮ ಕಡೆ ದಾರಿಯನ್ನು ಹೊತ್ತು ನೋಡಿ ಆರಿಸುವುದಕ್ಕಿಂತ ಮಣ್ಣು ನೋಡಿ ಆರಿಸುತ್ತೇವೆ. ಧಾರವಾಡ ಎರಡು ಮಣ್ಣುಗಳ ಗಡಿಯಲ್ಲಿರುವ ಊರು. ಪಡುವಣಕ್ಕೆ ಮನಗುಂಡಿ, ಮನಸೂರಿನ ಕಡೆ ಕೆಂಪು ಮಣ್ಣು, ಮಾವಿನ ತೋಟ, ಸಣ್ಣ ಏರಿಳಿತ. ಮೂಡಣಕ್ಕೆ ಅಮ್ಮಿನಭಾವಿ, ಹೆಬ್ಬಳ್ಳಿಯ ಕಡೆ ಕಣ್ಣು ಹರಿಯುವಷ್ಟು ದೂರ ಎರೆಭೂಮಿ. ಜನವರಿಯಲ್ಲಿ ಕಡಲೆ, ಜೋಳ ನಿಂತಾಗ ಎರೆಹೊಲದ ಚಕ್ಕಡಿ ದಾರಿಯಷ್ಟು ಮೃದುವಾದ, ಕಾಲಿಗೆ ಹಿತವಾದ ನೆಲ ಇನ್ನೊಂದಿಲ್ಲ. ಎಂಟು ಕಿಲೋಮೀಟರ್ ಓಡಿದರೂ ಒಂದು ಕಲ್ಲು ತಾಗುವುದಿಲ್ಲ. ಅದೇ ದಾರಿಗೆ ಜುಲೈನಲ್ಲಿ ಹೋದರೆ ಪ್ರತಿ ಹೆಜ್ಜೆಗೂ ಬೂಟಿನಡಿ ಅರ್ಧ ಕಿಲೋ ಮಣ್ಣು ಅಂಟಿ, ಕಡೆಗೆ ಬೂಟು ಅಲ್ಲೇ ಉಳಿದು ಕಾಲು ಮಾತ್ರ ಹೊರಗೆ ಬರುತ್ತದೆ. ಆಗ ನಾವು ಕೆಂಪು ಮಣ್ಣಿನ ಕಡೆ ಹೋಗುತ್ತೇವೆ. ನಿಮ್ಮ ಕಡೆ ಮಳೆಗಾಲದಲ್ಲಿ ನಾಲೆಯ ಏರಿ ಹೇಗಿರುತ್ತದೆ ಎಂದು ಯಾರಾದರೂ ಹೇಳಿದರೆ ಹೋಲಿಸಿ ನೋಡಬಹುದು.

ನಾಲೆಏರಿ | ನವೆಂಬರ್ 12, ಬೆಳಿಗ್ಗೆ 10:00

ಒಳ್ಳೆಯ ಪ್ರಶ್ನೆ. ನಮ್ಮಲ್ಲಿ ಮಣ್ಣಿಗಿಂತ ನೀರೇ ಪಂಚಾಂಗ. ಸಾಮಾನ್ಯವಾಗಿ ಜುಲೈ, ಆಗಸ್ಟ್‌ನಲ್ಲಿ ನಾಲೆಗೆ ನೀರು ಬಿಡುತ್ತಾರೆ. ಕಟ್ಟೆ ತುಂಬದ ವರ್ಷ ಎಲ್ಲವೂ ಹಿಂದಕ್ಕೆ ಹೋಗುತ್ತದೆ. ನೀರು ಬಂದ ಮೇಲೆ ನಾಟಿ. ಆಗ ಟ್ರ್ಯಾಕ್ಟರುಗಳು ಕೆಸರು ಚಕ್ರ ಸಮೇತ ಏರಿಯ ಮೇಲೆ ಹೋಗಿ ಅದನ್ನು ಉತ್ತುಬಿಟ್ಟಿರುತ್ತವೆ. ಹಾಗಾಗಿ ಆಗಸ್ಟ್‌ನಲ್ಲಿ ನಾನು ಟಾರು ರಸ್ತೆಗೇ ಬರುತ್ತೇನೆ. ಸೆಪ್ಟೆಂಬರ್ ಕಡೆಯಿಂದ ಏರಿ ಗಟ್ಟಿಯಾಗುತ್ತದೆ, ಆದರೆ ಪಾರ್ಥೇನಿಯಂ ಮತ್ತು ಹುಲ್ಲು ಸೊಂಟದವರೆಗೆ ಬೆಳೆದಿರುತ್ತದೆ. ಅಕ್ಟೋಬರ್, ನವೆಂಬರ್ ನಮ್ಮ ಕಡೆಯ ಅತ್ಯುತ್ತಮ ತಿಂಗಳುಗಳು. ಭತ್ತ ಹಾಲುಗಾಳಾಗಿರುವ ಹೊತ್ತಿನಲ್ಲಿ ಇಬ್ಬನಿ ಬಿದ್ದ ಬೆಳಗಿಗೆ ಗದ್ದೆಯಿಂದ ಬರುವ ವಾಸನೆಯನ್ನು ನಾನು ಬರೆದು ತಿಳಿಸಲಾರೆ, ಬಂದೇ ನೋಡಬೇಕು. ಡಿಸೆಂಬರಿನಲ್ಲಿ ಕೊಯ್ಲು, ಒಕ್ಕಣೆ. ಊರ ರಸ್ತೆಗಳ ಮೇಲೆ ರಾಗಿ, ಹುರುಳಿ ಹರಡಿರುತ್ತಾರೆ. ಅದರ ಮೇಲೆ ಓಡಿದರೆ ಜಾರುತ್ತದೆ, ಅನ್ನವನ್ನು ತುಳಿದಂತೆಯೂ ಆಗುತ್ತದೆ. ಪಕ್ಕಕ್ಕೆ ಇಳಿದು ನಡೆಯಿರಿ. ಬೇಸಿಗೆಯಲ್ಲಿ ನಾಲೆ ಒಣಗಿದಾಗ ಏರಿಯೆಲ್ಲ ಧೂಳು, ಏಳು ಗಂಟೆಗೇ ಬಿಸಿಲು ಚುರುಗುಟ್ಟುತ್ತದೆ.

ಬೆಳಕಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಜೂನಿನಲ್ಲಿ ಆರಕ್ಕಿಂತ ಸ್ವಲ್ಪ ಮೊದಲೇ ಸೂರ್ಯ ಹುಟ್ಟುತ್ತಾನೆ, ಜನವರಿಯಲ್ಲಿ ಆರೂಮುಕ್ಕಾಲು ಆಗುತ್ತದೆ. ಕತ್ತಲಲ್ಲಿ ಕಬ್ಬಿನ ಗದ್ದೆಗಳ ನಡುವೆ ಓಡಬೇಡಿ. 2022ರ ಕೊನೆ ಮತ್ತು 2023ರ ಆರಂಭದಲ್ಲಿ ಪಕ್ಕದ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಜನ ಬಲಿಯಾದರು. ಎತ್ತರ ಬೆಳೆದ ಕಬ್ಬು ಚಿರತೆಗೆ ಕಾಡಿನಷ್ಟೇ ಒಳ್ಳೆಯ ಮರೆ. ಹುಲ್ಲಿನ ದಾರಿಯಲ್ಲಿ ಕೊಳಕುಮಂಡಲದ ಭಯವೂ ಉಂಟು. ಇಲಿ ಇದ್ದಲ್ಲಿ ಅದು ಇರುತ್ತದೆ, ಭತ್ತ ಇದ್ದಲ್ಲಿ ಇಲಿ ಇರುತ್ತದೆ. ಕಚ್ಚಿದರೆ ಕುಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಅಲುಗಾಡದೆ ಕೂತು, ವಾಹನ ತರಿಸಿ ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಪಟ್ಟಣದ ಹೊಸಬ | ನವೆಂಬರ್ 12, ರಾತ್ರಿ 8:15

ಚಿರತೆ, ಹಾವು, ಮೊಸಳೆ ಎಲ್ಲ ಆಯಿತು. ನನಗೆ ನಿಜವಾಗಿ ಎದುರಾಗುತ್ತಿರುವುದು ನಾಯಿಗಳು. ಗಂಜಾಂ ದಾಟಿದ ಮೇಲೆ ಮೂರು ನಾಯಿಗಳ ಗುಂಪೊಂದು ದಿನವೂ ನನಗಾಗಿ ಕಾದಿರುತ್ತದೆ.

ಆರೂವರೆ | ನವೆಂಬರ್ 12, ರಾತ್ರಿ 9:00

ಓಟ ನಿಲ್ಲಿಸಿ ನಡೆಯಿರಿ. ಓಡುವುದನ್ನು ಕಂಡೇ ಅವು ಅಟ್ಟಿಸಿಕೊಂಡು ಬರುತ್ತವೆ. ಕಣ್ಣಿಗೆ ಕಣ್ಣಿಟ್ಟು ನೋಡಬೇಡಿ, ಬೆನ್ನು ತಿರುಗಿಸಬೇಡಿ. ಕೈಯಲ್ಲಿ ಒಂದು ಸಣ್ಣ ಕೋಲು ಇದ್ದರೆ ಸಾಕು. ಎತ್ತುವ ಅಗತ್ಯವೂ ಬರುವುದಿಲ್ಲ. ಹೊಲದ ಮನೆಯ ನಾಯಿಗಳು ತಮ್ಮ ಗಡಿಯವರೆಗೆ ಮಾತ್ರ ಬೊಗಳುತ್ತವೆ, ಆ ಮನೆಯವರನ್ನು ಮಾತಾಡಿಸಿ ಪರಿಚಯ ಮಾಡಿಕೊಂಡರೆ ವಾರದಲ್ಲಿ ಸುಮ್ಮನಾಗುತ್ತವೆ. ನನಗೆ ಕಳೆದ ವರ್ಷ ಒಂದು ನಾಯಿ ಮೀನಖಂಡಕ್ಕೆ ಹಲ್ಲು ತಾಗಿಸಿತು. ಹತ್ತಿರದ ಮನೆಯ ನಲ್ಲಿಯಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು, ಅದೇ ದಿನ ಲಸಿಕೆ ಶುರು ಮಾಡಿಸಿ, ವೈದ್ಯರು ಹೇಳಿದ ದಿನಗಳಲ್ಲಿ ಒಂದನ್ನೂ ತಪ್ಪಿಸದೆ ಹಾಕಿಸಿಕೊಂಡೆ. ಸಣ್ಣ ಗೀರು ಎಂದು ಬಿಡುವ ವಿಷಯವೇ ಅಲ್ಲ.

ಮಂಡಿನೋವು | ನವೆಂಬರ್ 13, ಬೆಳಿಗ್ಗೆ 7:45

ಇನ್ನೊಂದು ಸೇರಿಸುತ್ತೇನೆ: ಕಿವಿಗೆ ಹಾಡು ಹಾಕಿಕೊಂಡು ಈ ದಾರಿಗಳಲ್ಲಿ ಓಡಬೇಡಿ. ಕಬ್ಬು ತುಂಬಿದ ಟ್ರ್ಯಾಕ್ಟರಿನ ಅಗಲ ಅದರ ಚಾಲಕನಿಗೇ ಕಾಣುವುದಿಲ್ಲ.

ಪಟ್ಟಣದ ಹೊಸಬ | ನವೆಂಬರ್ 30, ಸಂಜೆ 5:50

ಎರಡೂವರೆ ವಾರದ ವರದಿ ಒಪ್ಪಿಸುತ್ತಿದ್ದೇನೆ. ಮೊದಲ ವಾರ ಮೇಷ್ಟರು ಹೇಳಿದಂತೆ ಸಂಗಮದ ದಾರಿಯಲ್ಲೇ ಓಡಿದೆ. ದಾರಿ ಚೆನ್ನಾಗಿದೆ, ಆದರೆ ಸಂಗಮದಲ್ಲಿ ನಿಂತು ಉಸಿರು ತೆಗೆದುಕೊಳ್ಳುವಾಗ ಅಲ್ಲಿ ಅಸ್ಥಿ ಬಿಡಲು ಬಂದ ಕುಟುಂಬಗಳ ಮುಂದೆ ಬನಿಯನ್ ಚಡ್ಡಿಯಲ್ಲಿ ನಿಲ್ಲಲು ನನಗೆ ಸಂಕೋಚವಾಯಿತು. ಈಗ ನಾನು ಗುಂಬಜ್ ದಾಟಿ ಸ್ವಲ್ಪ ದೂರ ಹೋಗಿ ಅಲ್ಲಿಂದಲೇ ಹಿಂತಿರುಗುತ್ತೇನೆ.

ಎರಡನೆಯ ವಾರದಿಂದ ಮೂರು ದಿನ ಚಿಕ್ಕದೇವರಾಜ ಸಾಗರ ನಾಲೆಯ ಏರಿಗೆ ಹೋಗುತ್ತಿದ್ದೇನೆ. ಸ್ಕೂಟರನ್ನು ಕಿರಂಗೂರಿನ ಕಡೆ ಒಂದು ಅಂಗಡಿಯ ಮುಂದೆ ನಿಲ್ಲಿಸಿ, ಕರಿಘಟ್ಟವನ್ನು ಎದುರಿಗಿಟ್ಟುಕೊಂಡು ಓಡುವುದು. ನಾಲೆ ತಿರುಗಿದಂತೆಲ್ಲ ಬೆಟ್ಟ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬರುತ್ತದೆ. ಎಷ್ಟು ಓಡಿದರೂ ಹತ್ತಿರ ಬರುತ್ತಿಲ್ಲವಲ್ಲ ಎಂದು ಮೊದಲ ದಿನ ಸಿಟ್ಟು ಬಂದಿತ್ತು. ಮಂಡಿ ನೋವು ಟಾರು ರಸ್ತೆಯ ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ, ಏರಿಯ ದಿನಗಳಲ್ಲಿ ಇಲ್ಲ. ಆಲೆಮನೆಯೊಂದರ ಹತ್ತಿರ ಮಾತ್ರ ಹೊಗೆ ದಟ್ಟವಾಗಿ ಕೆಮ್ಮು ಬರುತ್ತದೆ, ಅಲ್ಲಿ ನಡೆದು ದಾಟುತ್ತೇನೆ. ಮೊನ್ನೆ ಅವರು ಕರೆದು ಲೋಟದಲ್ಲಿ ಬಿಸಿ ಜೋನಿ ಬೆಲ್ಲ ಕೊಟ್ಟರು. ಓಡಿ ಇಳಿಸಿದ್ದಕ್ಕಿಂತ ಹೆಚ್ಚನ್ನು ಅವತ್ತು ಏರಿಸಿಕೊಂಡೆ.

ನೀರುಗಂಟಿಯವರ ಪರಿಚಯವೂ ಆಯಿತು. ನೀವು ಹೇಳಿದಂತೆ ಅವರೇ ಒಂದು ಮೋರಿಯ ಚಪ್ಪಡಿ ಒಡೆದಿರುವುದನ್ನು ತೋರಿಸಿ, ಕತ್ತಲಲ್ಲಿ ಈ ಕಡೆ ಕಾಲಿಡಬೇಡಿ ಎಂದರು. ಡೇರಿಯ ಹೊತ್ತನ್ನೇ ಹಿಡಿದಿದ್ದೇನೆ. ಗಂಜಾಂನ ಮೂರು ನಾಯಿಗಳಲ್ಲಿ ಎರಡು ನನ್ನನ್ನು ಒಪ್ಪಿವೆ.

ತೇಮ್ಸ್ ದಂಡೆ | ಡಿಸೆಂಬರ್ 1, ಬೆಳಿಗ್ಗೆ 2:20

ಇಲ್ಲಿ ಈಗ ಸಂಜೆ ನಾಲ್ಕಕ್ಕೆ ಕತ್ತಲು. ನನ್ನ ಕಾಲುವೆಯ ದಾರಿ ಕೊಳೆತ ಎಲೆಗಳಿಂದ ಸೋಪು ಸವರಿದಂತಾಗಿದೆ. ಜನವರಿಯಲ್ಲಿ ಊರಿಗೆ ಬರುತ್ತೇನೆ, ಆ ಏರಿಯ ಮೇಲೆ ಒಂದು ದಿನ ನಿಮ್ಮ ಜೊತೆ ಓಡಬಹುದೇ?

ಪಟ್ಟಣದ ಹೊಸಬ | ಡಿಸೆಂಬರ್ 1, ಬೆಳಿಗ್ಗೆ 8:40

ಖಂಡಿತ ಬನ್ನಿ. ಜೋನಿ ಬೆಲ್ಲ ನನ್ನ ಲೆಕ್ಕದಲ್ಲಿ.

ಒಟ್ಲುಗದ್ದೆ | ಡಿಸೆಂಬರ್ 6, ರಾತ್ರಿ 8:30

ಹೊಸಬ ಸಾಹೇಬರೇ, ನೀವು ಓಡುವ ಏರಿಯ ಕೆಳಗಿನ ಆ ನಾಲ್ಕೆಕರೆ ನಮ್ಮ ಅಣ್ಣತಮ್ಮಂದಿರದೇ ಎಂದು ನೀರುಗಂಟಿ ಹೇಳಿದ ಮೇಲೆ ತಿಳಿಯಿತು. ನಾಡಿದ್ದು ಸೋಮವಾರದಿಂದ ಮೂರು ದಿನ ನಮಗೆ ಕಟಾವು ಯಂತ್ರ ಸಿಕ್ಕಿದೆ. ಅದು ಏರಿಯ ಮೇಲೆ ಬಂದರೆ ಪಕ್ಕದಲ್ಲಿ ಒಬ್ಬ ಮನುಷ್ಯ ನಿಲ್ಲುವಷ್ಟೂ ಜಾಗ ಉಳಿಯುವುದಿಲ್ಲ, ಆ ಕಡೆ ನಾಲೆ ತುಂಬ ನೀರಿದೆ. ಆ ಮೂರು ದಿನ ನೀವು ಆಚೆ ದಂಡೆಯ ಬಂಡಿದಾರಿ ಹಿಡಿಯಿರಿ; ಹುಣಸೆಮರದ ಹತ್ತಿರ ಸೇತುವೆ ದಾಟಿದರೆ ಸಿಗುತ್ತದೆ. ಸ್ವಲ್ಪ ಮುಳ್ಳಿದೆ, ನಾಳೆ ಹುಡುಗನಿಗೆ ಹೇಳಿ ಸವರಿಸಿರುತ್ತೇನೆ. ಗುರುವಾರದಿಂದ ಗದ್ದೆ ಖಾಲಿ, ಬದುವೂ ಒಣಗಿರುತ್ತದೆ. ಆಮೇಲೆ ಬೇಕಾದರೆ ಅದರ ಮೇಲೂ ಓಡಿ, ಬೈಯುವುದಿಲ್ಲ.